ಖಾರದ ಯಂತ್ರದ ಪಾಲು

ಹಿರೇಬೆಂಡಿಗೇರಿಯಲ್ಲಿ ನನ್ನದೊಂದು ಗಿರಣಿ ಇದೆ. ಮಳಿಗೆ ಬಾಡಿಗೆಯದು, ಯಂತ್ರಗಳು ಮಾತ್ರ ನನ್ನ ಬೆವರಿನವು. ಜೋಳ, ಗೋಧಿ ಬೀಸುವ ಕಲ್ಲು ಒಂದು, ರವೆ ಒಡೆಯುವುದೊಂದು, ಖಾರ ಕುಟ್ಟುವುದೊಂದು. ಖಾರದ ಯಂತ್ರ ನಡೆಸುವವಳು ನನ್ನ ಅಕ್ಕ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದವಳು, ಬಂದ ವಾರದಲ್ಲೇ ಮೂಗಿಗೆ ಸೆರಗು ಸುತ್ತಿಕೊಂಡು ಅದರ ಮುಂದೆ ನಿಂತಳು. ಬೇರೆಯವರು ಸೀನದೆ ಅಲ್ಲಿ ನಿಲ್ಲಲಾರರು, ಅಕ್ಕ ಅಲ್ಲೇ ಕುಳಿತು ರೊಟ್ಟಿ ತಿನ್ನುತ್ತಾಳೆ.

ಆ ಯಂತ್ರವನ್ನು ಮಾರಬೇಕೆಂದು ನಾನು ನಿರ್ಧರಿಸಿಬಿಟ್ಟಿದ್ದೆ. ಬಂದ ಹಣಕ್ಕೆ ಬ್ಯಾಂಕಿನ ಸಾಲ ಸೇರಿಸಿ ಶಾವಿಗೆ ಯಂತ್ರ ತರುವ ಆಸೆ. ಹಿರೇಕೆರೂರಿನ ಕಡೆಯ ಗಿರಾಕಿಯೊಬ್ಬ ನೋಡಿಯೂ ಹೋಗಿದ್ದ. ಅಕ್ಕನಿಗೆ ಹೇಳಿದಾಗ ಅವಳು ಜಗಳವಾಡಲಿಲ್ಲ. ಯಂತ್ರದ ಮೇಲಿನ ಕೆಂಪು ಧೂಳನ್ನು ಬಟ್ಟೆಯಿಂದ ಒರೆಸುತ್ತ, "ಮಾರಪಾ. ನಿನ್ನ ಮನ್ಯಾಗ ನನಗೇನ್ ಉಪವಾಸ ಕೆಡವೂದಿಲ್ಲ ನೀನು. ಆದ್ರ ಕುಂತು ಉಣ್ಣೂ ಕೂಳು ನನ್ನ ಗಂಟಲ್ದಾಗ ಇಳಿಯೂದಿಲ್ಲ," ಎಂದಳು. ಆಮೇಲೆ ಆ ಮಾತನ್ನು ಅವಳು ಎತ್ತಲಿಲ್ಲ, ನನಗೆ ಮಾತ್ರ ಅದು ಹಲ್ಲಿನ ಸಂದಿಯ ನಾರಿನಂತೆ ಉಳಿಯಿತು.

ಲೆಕ್ಕ ನನ್ನ ಪರವಾಗಿತ್ತು, ಅದೇ ನನ್ನ ಧೈರ್ಯ. ನಮ್ಮಲ್ಲಿ ಅಣ್ಣತಮ್ಮಂದಿರು ಬೇರೆಯಾಗುವಾಗ ಹಗ್ಗ ಹಿಡಿದು ಹೊಲವನ್ನು ಸಮಪಾಲು ಮಾಡುತ್ತಾರೆ. ಒಬ್ಬ ದುಡಿಯುವವ, ಒಬ್ಬ ಮಲಗುವವ ಎಂದು ನೋಡುವುದಿಲ್ಲ. ನಾನೂ ಮಳಿಗೆಯ ಬಾಡಿಗೆಯನ್ನು ಹಾಗೆಯೇ ಮೂರು ಯಂತ್ರಗಳಿಗೆ ಸಮಪಾಲು ಹಾಕಿದ್ದೆ. ಮನೆಮನೆಯವರೂ ವರ್ಷದ ಖಾರ ಕುಟ್ಟಿಸುವ ಬೇಸಿಗೆಯಲ್ಲಿ ಖಾರದ ಯಂತ್ರಕ್ಕೆ ಉಸಿರಾಡಲು ಬಿಡುವಿರುವುದಿಲ್ಲ. ಮಳೆ ಹಿಡಿದರೆ ಅದು ಸುಮ್ಮನೆ ನಿಲ್ಲುತ್ತದೆ. ವರ್ಷದ ಕೊನೆಗೆ ತನ್ನ ಪಾಲಿನ ಬಾಡಿಗೆಯನ್ನೂ ಅದು ದುಡಿದಿರುತ್ತಿರಲಿಲ್ಲ. ಲುಕ್ಸಾನು ಎಂದು ಬರೆದು ಕೆಳಗೆ ಗೆರೆ ಎಳೆದಿದ್ದೆ.

ಸಾಲ ಬೇಕಾದರೆ ಲೆಕ್ಕಪತ್ರ ಕಲಿತು ಬನ್ನಿ ಎಂದರು ಬ್ಯಾಂಕಿನವರು. ಏಳನೇ ಇಯತ್ತೆಗೆ ಶಾಲೆ ಬಿಟ್ಟ ನನಗೆ ಇದು ಅವಮಾನವೆನಿಸಿತು. ಇಷ್ಟು ವರ್ಷ ಗಿರಣಿ ನಡೆಸಿದವನಿಗೆ ಲೆಕ್ಕ ಕಲಿಸುವವರು ಯಾರು ಎಂದುಕೊಂಡೇ ಶಿಗ್ಗಾಂವಿಗೆ ಹೋದೆ. ಸಣ್ಣ ವ್ಯಾಪಾರಿಗಳಿಗೆಂದು ನಡೆಸುತ್ತಿದ್ದ ತರಗತಿ ಅದು. ಸವಣೂರಿನ ವೀಳ್ಯದೆಲೆ ವ್ಯಾಪಾರಿ, ಹಾನಗಲ್ಲಿನ ಮಾವಿನ ದಲ್ಲಾಳಿ, ನಾನು, ಇನ್ನೂ ಕೆಲವರು. ಪಾಠ ಹೇಳುತ್ತಿದ್ದವರು ಕಾಲೇಜಿನಿಂದ ನಿವೃತ್ತರಾದ ಒಬ್ಬ ಉಪನ್ಯಾಸಕಿ, ನಮ್ಮ ಕಡೆಯ ಮಾತಿನಲ್ಲಿ ಬಾಯಾರು. ನಾನು ಹಿಂದಿನ ಬೆಂಚಿನಲ್ಲಿ ಕೈಕಟ್ಟಿ ಕುಳಿತೆ.

ಆ ಕಟ್ಟಿದ ಕೈ ಯಾವಾಗ ಬಿಚ್ಚಿತೋ ನನಗೇ ಗೊತ್ತಾಗಲಿಲ್ಲ. ಪ್ರತಿ ವ್ಯವಹಾರಕ್ಕೂ ಎರಡು ಮುಖ ಎಂದರು ಬಾಯಾರು. ಒಂದು ಕಡೆ ಏನೋ ಬಂದರೆ ಇನ್ನೊಂದು ಕಡೆ ಅದರ ಮೂಲ ಇದ್ದೇ ಇರಬೇಕು. ನನ್ನದೇ ಒಂದು ತಿಂಗಳ ವ್ಯವಹಾರವನ್ನು ಎರಡೂ ಬದಿಗೆ ಬರೆಸಿದರು. ಎಡಕ್ಕೆ ಬರೆದದ್ದು ಬೇರೆ, ಬಲಕ್ಕೆ ಬರೆದದ್ದು ಬೇರೆ. ಎರಡನ್ನೂ ಕೂಡಿಸಿದೆ. ಒಂದೇ ಮೊತ್ತ. ಮತ್ತೆ ಕೂಡಿಸಿದೆ, ಮತ್ತೂ ಒಂದೇ. ಯಾರೂ ಕೈಹಚ್ಚದೆ ತಕ್ಕಡಿ ತಾನೇ ಸಮವಾಗಿ ನಿಂತಂತೆ. ನನ್ನ ಮೈಮೇಲಿನ ಕೂದಲು ಎದ್ದವು. ಪಕ್ಕದ ಎಲೆ ವ್ಯಾಪಾರಿ, "ಯಾಕ್ರೀ, ಕರೆಂಟ್ ಹೊಡೀತೇನು?" ಎಂದು ನಕ್ಕ.

ಇನ್ನೊಂದು ದಿನ ಸವಕಳಿಯ ಪಾಠ. ಬೀಸುವ ಕಲ್ಲಿನ ಮೈಗೆ ಉಳಿಯಿಂದ ಕಚ್ಚು ಹಾಕಿಸಿದಾಗಲೆಲ್ಲ ಅದು ತುಸು ತೆಳುವಾಗುವುದನ್ನು ಕಂಡಿದ್ದೇನೆ, ಆದರೆ ಅದೂ ಒಂದು ಖರ್ಚು ಎಂದು ನನಗೆ ಹೊಳೆದಿರಲಿಲ್ಲ. ಕಣ್ಣಿಗೆ ಬೀಳದೆ ಕರಗುವುದನ್ನೂ ಬಿಡದೆ ಹಿಡಿದಿಡುವ ವಿದ್ಯೆಯನ್ನು ಯಾವ ಪುಣ್ಯಾತ್ಮರು ಕಂಡುಹಿಡಿದರೋ.

ಕೊನೆಯ ಪಾಠಗಳಲ್ಲಿ, ಯಾವ ಕೆಲಸ ಉಳಿಸಬೇಕು, ಯಾವುದು ಬಿಡಬೇಕು ಎಂಬುದು ಬಂತು. ನಾನು ಹೆಮ್ಮೆಯಿಂದಲೇ ಎದ್ದು ನನ್ನ ಸಮಪಾಲಿನ ಲೆಕ್ಕವನ್ನು ಒಪ್ಪಿಸಿದೆ. ಬಾಯಾರು ಪೂರ್ತಿ ಕೇಳಿಸಿಕೊಂಡರು.

"ಅಣ್ಣಾರ, ಖಾರದ ಮಿಷನ್ ಮಾರಿದ್ರ, ಮಳಗಿ ಮಾಲಕ್ರು ಬಾಡಗಿ ಕಡಿಮಿ ಮಾಡ್ತಾರೇನ್ರಿ?"

"ಅವರ್ಯಾಕ ಮಾಡ್ತಾರ್ರಿ ಬಾಯಾರ."

"ಹಂಗಾರ ಆ ಪಾಲು ಯಾರು ಕಟ್ಟತಾರ?"

ತರಗತಿ ಮುಗಿದ ಮೇಲೆ ಬಸ್ ನಿಲ್ದಾಣದ ಕಟ್ಟೆಯ ಮೇಲೆ ಮತ್ತೆ ಲೆಕ್ಕ ಹಾಕಿದೆ. ಹೆದ್ದಾರಿಯ ಬಸ್ಸುಗಳು ಬಂದು ಹೋದವು, ನಮ್ಮೂರಿನದೂ ಹೋಯಿತು. ಕರೆಂಟು, ರಿಪೇರಿ, ಅಕ್ಕನ ಪಗಾರ, ಖಾರದ ಯಂತ್ರಕ್ಕೇ ಆಗುವ ಖರ್ಚನ್ನೆಲ್ಲ ಕಳೆದೆ. ಇನ್ನೂ ಉಳಿಯುತ್ತಿತ್ತು. ಉಳಿದದ್ದು ಇಷ್ಟು ವರ್ಷ ಮಳಿಗೆಯ ಬಾಡಿಗೆಗೆ ಹೆಗಲು ಕೊಡುತ್ತಿತ್ತು. ಮಾರಿದರೆ ಆ ಭಾರವೆಲ್ಲ ಉಳಿದೆರಡರ ಮೇಲೆ, ಶಾವಿಗೆ ಯಂತ್ರ ಬಂದರೂ ಅದು ಮೊದಲು ತನ್ನ ಸಾಲದ ಕಂತನ್ನೇ ದುಡಿಯಬೇಕಿತ್ತು. ಅಕ್ಕನನ್ನು ನಾನು ಸಾಕುತ್ತಿದ್ದೇನೆ ಎಂದು ಊರು ತಿಳಿದಿತ್ತು, ನಾನೂ ತಿಳಿದಿದ್ದೆ. ಅಂಕಿಗಳು ಬೇರೆಯದನ್ನೇ ಹೇಳಿದವು. ಅವುಗಳಿಗೆ ಯಾರ ದಾಕ್ಷಿಣ್ಯವೂ ಇರಲಿಲ್ಲ.

ಅಲ್ಲಿಂದಲೇ ಹಿರೇಕೆರೂರಿನ ಗಿರಾಕಿಗೆ ಫೋನ್ ಮಾಡಿ ಮಾರುವುದಿಲ್ಲ ಎಂದೆ. ಅವನು ರೇಟು ಏರಿಸುವ ಆಟ ಇದು ಎಂದು ಬೈದ. ಶಾವಿಗೆ ಯಂತ್ರ ಮುಂದಿನ ಮಾತಾಯಿತು.

ಗಿರಣಿಗೆ ಬಂದಾಗ ಅಕ್ಕ ಯಾರದೋ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ಪಕ್ಕದಲ್ಲಿ ಕುಳಿತು ಎಲ್ಲವನ್ನೂ ಹೇಳಿದೆ. ಕಳೆದದ್ದು, ಕೂಡಿದ್ದು, ಬಾಯಾರು ಕೇಳಿದ್ದು. ಅವಳು ಕೈ ನಿಲ್ಲಿಸಲಿಲ್ಲ.

"ಅಂದ್ರ ನಾ ಈ ಮಳಗಿ ಬಾಡಗಿ ಕಟ್ಟಾಕತ್ತೇನಿ ಅನ್ನು."

"ಕಟ್ಟಾಕತ್ತಿ. ಮೊದಲಿನಿಂದಾನೂ."

ಅಕ್ಕ ಮೂಗಿನ ಸೆರಗನ್ನು ಕೆಳಗಿಳಿಸಿ ಒಮ್ಮೆ ಗಿರಣಿಯ ನಾಲ್ಕೂ ಗೋಡೆ ನೋಡಿದಳು, ಒಡತಿ ನೋಡುವಂತೆ.

"ಹಂಗಾರ ಈ ಗ್ವಾಡಿಗೆ ಗಾಳಿ ಹೊರಗ ಎಳಿಯೂ ಫ್ಯಾನ್ ಒಂದು ಹಾಕ್ಸು. ಕಣ್ಣು ಉರದು ಸಾಕಾಗೇತಿ."

ಆ ವಾರವೇ ಹಾಕಿಸಿದೆ. ಅದರ ಖರ್ಚನ್ನು ಮೂರು ಪಾಲು ಮಾಡಲಿಲ್ಲ, ಪೂರ್ತಿ ಖಾರದ ಲೆಕ್ಕಕ್ಕೇ ಬರೆದೆ. ಖಾರದ ಯಂತ್ರ ಅದನ್ನೂ ಹೊತ್ತುಕೊಂಡಿತು.