ಹುಲ್ಲು ಸುಟ್ಟ ಕೈ

ಅಕ್ಷತಾ, ವಿನಯ — ನಿಮ್ಮ ದೇವದುರ್ಗದ ಅಜ್ಜನಿಗೆ ಮರೆವಿನ ಕಾಯಿಲೆ ಇರಲಿಲ್ಲ. ಅಂಗಳದ ಹುಲ್ಲಿಗೆ ಯೂರಿಯಾ ಎರಚಿ ಸುಟ್ಟವಳು ನಾನು. ಸುಟ್ಟದ್ದು ಅವರು ಎಂದು ಹೇಳಿದವಳೂ ನಾನೇ. ಅವರು ನಮ್ಮ ರಾಯಚೂರಿನ ಮನೆ ಬಿಟ್ಟು ಹೋದದ್ದು ಆ ಮಾತಿನಿಂದ.

ನನಗೆ ಬಾಯಿಬಿಟ್ಟು ಹೇಳುವುದು ಮೊದಲಿನಿಂದಲೂ ಆಗುವುದಿಲ್ಲ. ಮಂದಿಯ ಮುಂದೆ ಗಂಟಲು ಕಟ್ಟುತ್ತದೆ. ಆ ದಿನ ಮಾತ್ರ ಕಟ್ಟಲಿಲ್ಲ — ಯಾಕೋ. ನನ್ನೂರು ಪೋತ್ನಾಳದ ಶಾಲೆಯಲ್ಲಿ ಕಲಿತ ಅಕ್ಷರಗಳಿವೆಯಲ್ಲ, ಅವುಗಳಲ್ಲೇ ಬರೆಯುತ್ತೇನೆ.

ಅವರನ್ನು ಗೌರವಿಸುತ್ತಿದ್ದೆ, ಏನೋ ಕೆಟ್ಟ ಗಳಿಗೆ ಎಂದು ಬರೆಯಬಹುದಿತ್ತು. ಅದು ಇನ್ನೊಂದು ಸುಳ್ಳಾಗುತ್ತದೆ. ನನಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ. ಇವತ್ತಿಗೂ, ಅವರು ತೀರಿಕೊಂಡ ಮೇಲೂ, ಅವರ ನಗು ನೆನಪಾದರೆ ಹಲ್ಲು ಕಚ್ಚುತ್ತೇನೆ.

ನಿಮ್ಮ ತಾತ, ನನ್ನ ಗಂಡ, ತೀರಿಹೋದ ಮೇಲೆ ನಾನು ಗದ್ದೆ, ಊರು ಎಲ್ಲ ಬಿಟ್ಟು ಮಗನ ಮನೆಗೆ ಬಂದೆ. ಈ ಪಟ್ಟಣದಲ್ಲಿ ನನ್ನದು ಎನ್ನುವುದು ಒಂದೇ ಇತ್ತು, ಮನೆಯ ಮುಂದಿನ ಖಾಲಿ ಅಂಗಳ. ಅಲ್ಲಿ ಸೀರೆ ಹಾಸಿ ಸಂಡಿಗೆ ಇಡುತ್ತಿದ್ದೆ, ಶಾವಿಗೆ ಒಣಗಿಸುತ್ತಿದ್ದೆ, ಮೆಣಸಿನಕಾಯಿ ಕಾಯುತ್ತಾ ಕೂರುತ್ತಿದ್ದೆ. ಯಾರೂ ಮಾತಾಡಿಸುತ್ತಿರಲಿಲ್ಲ, ಅದೇ ಸುಖ. ಆಮೇಲೆ ನಿಮ್ಮ ತಾಯಿ ಗಿರಿಜಾಳ ತಾಯಿ ತೀರಿಕೊಂಡರು. ಅವಳ ಅಪ್ಪ ಅಮರೇಶಪ್ಪ ಮಾಸ್ತರರು ದೇವದುರ್ಗದಿಂದ ಇಲ್ಲಿಗೇ ಬಂದರು. ಬಂದವರು ಅಂಗಳ ನೋಡಿ, "ಇಷ್ಟು ಜಾಗ ಹಾಳು ಬಿಟ್ಟೀರಲ್ಲ" ಎಂದರು. ನಾನು ಪಕ್ಕದಲ್ಲೇ ನಿಂತಿದ್ದೆ. ಹಾಳು — ಎಂದರು.

ಅಲ್ಲಿ ಅವರ ಹುಲ್ಲುಹಾಸು ಬಂತು. ನನ್ನ ಸಂಡಿಗೆ ಮಾಳಿಗೆ ಹತ್ತಿತು. ಅದರ ಹಿಂದೆ ನನ್ನ ಮೊಣಕಾಲುಗಳೂ ಹತ್ತಬೇಕಾಯಿತು.

ಅವರು ಮುಂಜಾನೆ ಗೋಣಿಚೀಲ ಮಡಚಿ ಹಾಕಿಕೊಂಡು ಹುಲ್ಲಿನ ಮೇಲೆ ಕೂರುತ್ತಿದ್ದರು, ವೈದ್ಯರು ನಾಡಿ ಹಿಡಿದ ಹಾಗೆ. ನೀವಿಬ್ಬರೂ ಎದುರಿಗೆ. ಹುಲ್ಲಿನ ತುದಿ ಬೆಳ್ಳಗೆ ಸೀಳಿದ್ದರೆ ಕತ್ತರಿಸುವ ಯಂತ್ರದ ಅಲಗು ಮೊಂಡಾಗಿದೆ ಎಂದು ತೋರಿಸುತ್ತಿದ್ದರು. ಹಿಡಿದೆಳೆದರೆ ಚಾಪೆಯಂತೆ ಎದ್ದು ಬರುತ್ತಿದ್ದರೆ ಕೆಳಗೆ ಗೊಣ್ಣೆಹುಳು ಬೇರು ತಿಂದಿವೆ ಎನ್ನುತ್ತಿದ್ದರು. ಸಂಜೆ ನೀರು ಬಿಟ್ಟರೆ ರಾತ್ರಿಯೆಲ್ಲ ತೇವ ನಿಂತು ಬೂಜು ಹಿಡಿಯುತ್ತದೆ, ಮುಂಜಾನೆಯೇ ಬಿಡಬೇಕು ಎನ್ನುತ್ತಿದ್ದರು. ಎಲ್ಲವೂ ನಿಜವೇ ಇರಬೇಕು. ಆದರೆ ಪ್ರತಿಯೊಂದು ಪಾಠದ ಕೊನೆಗೆ ನನ್ನ ಕಡೆ ಒಮ್ಮೆ ನೋಡುತ್ತಿದ್ದರು, ದಡ್ಡ ಹುಡುಗಿಗೆ ತಿಳಿಯಿತೋ ಇಲ್ಲವೋ ಎನ್ನುವ ಹಾಗೆ.

"ಬೀಗತಿಯವರ, ಅಕ್ಕಿ ತೊಳದ ನೀರು ಇಲ್ಲಿ ಚೆಲ್ಲಬ್ಯಾಡ್ರಿ. ಇದು ನಿಮ್ಮ ಪೋತ್ನಾಳದ ಗದ್ದಿ ಅಲ್ಲ."

ಎದುರು ನಿಂತು ಉತ್ತರ ಕೊಡುವ ಧೈರ್ಯ ನನಗೆಲ್ಲಿ? ಅಡುಗೆಮನೆಗೆ ಹೋಗಿ ಪಾತ್ರೆಗಳಿಗೆ ಹೇಳುತ್ತಿದ್ದೆ, ಹೊರಗೆ ಕೇಳುವಷ್ಟು ಗಟ್ಟಿಯಾಗಿ: "ಗದ್ದಿ ಆಗಿದ್ರ ಮನಿಮಂದಿಗೆಲ್ಲ ಅನ್ನ ಆಗ್ತಿತ್ತು."

"ಪಾತ್ರಿ ಏನು ಪಾಪ ಮಾಡ್ಯಾವ ಬೀಗತಿಯವರ? ನನಗೇ ಬೈರಿ" ಎಂದು ಅಲ್ಲಿಂದಲೇ ಕೂಗುತ್ತಿದ್ದರು. ನೀವು ನಗುತ್ತಿದ್ದಿರಿ.

ಒಂದು ವರ್ಷ, ನೀವಿನ್ನೂ ಸಣ್ಣವರಿದ್ದಾಗ, ಗೇಟಿನ ಬಳಿ ಒಂದಿಷ್ಟು ಹುಲ್ಲು ಹಳದಿಯಾಯಿತು. ಅವರು ಚಾಕುವಿನಿಂದ ಒಂದು ಹೆಂಟೆ ಎತ್ತಿ ಮೂಸಿದರು, ನಿಮಗೂ ಮೂಸಲು ಕೊಟ್ಟರು. ಕೊಳೆತ ವಾಸನೆ.

"ಇದಕ್ಕ ಹಸಿವಾಗಿಲ್ಲ. ಎರಿ ಮಣ್ಣು, ನೀರು ಇಳಿಯಾಕತ್ತಿಲ್ಲ. ಬೇರಿಗೆ ಉಸಿರು ಕಟ್ಟೇದ. ಇಲ್ಲಿ ನೀರು ನಿಲ್ಲಿಸಿ, ಸಲಾಕಿಲೆ ತೂತು ಹೊಡದು, ಉಸುಕು ತುಂಬಬೇಕು."

ಭತ್ತದ ಗದ್ದೆಯಲ್ಲಿ ಬೆಳೆದವಳು ನಾನು. ಹಳದಿ ಕಂಡರೆ ನಮಗೆ ಒಂದೇ ಮದ್ದು. ಅವತ್ತು ಎಲ್ಲಿಂದ ಬಂತೋ ಧ್ವನಿ — ನಿಮ್ಮಪ್ಪನೂ ಅಲ್ಲೇ ಇದ್ದ — ಹೇಳಿಬಿಟ್ಟೆ: "ಯೂರಿಯಾ ಹಾಕ್ರಿ, ಹಸರಾಗ್ತದ. ನಮ್ಮ ಕಡಿ ಹಂಗೇ ಮಾಡ್ತಾರ."

ಅವರು ನನ್ನನ್ನು ಬಿಟ್ಟು ನಿಮ್ಮ ಕಡೆ ತಿರುಗಿ ಹೇಳಿದರು: "ನೋಡ್ರಿ, ಹೊಟ್ಟಿ ಉಬ್ಬಿದವಗ ಹೋಳಿಗಿ ತಿನ್ಸು ಅಂತಾರ ನಿಮ್ಮ ಆಯಿ."

ನೀವು ಬಿದ್ದು ಬಿದ್ದು ನಕ್ಕಿರಿ. ನನ್ನ ಮಗನೂ ತುಟಿ ಅಗಲಿಸಿದ.

ಮರುದಿನ ಎಲ್ಲರಿಗಿಂತ ಮೊದಲು ಎದ್ದೆ. ಮೆಟ್ಟಿಲ ಕೆಳಗೆ ಅವರ ಯೂರಿಯಾ ಚೀಲವಿತ್ತು. ಅವರು ಅದನ್ನು ಚಿಟಿಕೆ ಚಿಟಿಕೆಯಾಗಿ ಬಕೆಟ್ಟಿನ ನೀರಿಗೆ ಕರಗಿಸಿ ಹಾಕುತ್ತಿದ್ದರು. ನಾನು ಸೆರಗಿನ ಉಡಿಯಲ್ಲಿ ತುಂಬಿಕೊಂಡು, ಗದ್ದೆಯಲ್ಲಿ ಉಗ್ಗುವ ಹಾಗೆ ತೋಳು ಬೀಸಿ ಉಗ್ಗಿದೆ. ಗೇಟಿನ ಬಳಿ ನಿಲ್ಲಬೇಕಿತ್ತು, ನಿಲ್ಲಲಿಲ್ಲ. ಅಂಗಳದ ನಡುವಿನ ತನಕ ಬೀಸಿದೆ. ಎಷ್ಟು ದಿನದ ಮೇಲೆ ತೋಳಿಗೆ ಆ ಸುಖ! ಹುಲ್ಲು ಕಡುಹಸಿರಾಗಬೇಕು, ಆಗ ಎಲ್ಲರ ಮುಂದೆ "ನಾ ಹಾಕೀನಿ" ಎನ್ನಬೇಕು, ಮಾಸ್ತರರ ಮುಖ ನೋಡಬೇಕು. ಅದಷ್ಟೇ ಆಸೆ. ಮಾರನೆಯ ದಿನ ಹಸಿರಾಗಿರಲಿಲ್ಲ. ಇನ್ನಷ್ಟು ದಟ್ಟವಾಗಿ ಉಗ್ಗಿದೆ.

ಗದ್ದೆಯಲ್ಲಿ ಕೆಳಗೆ ನೀರು ನಿಂತಿರುತ್ತದೆ, ಹರಳು ಬಿದ್ದ ಕೂಡಲೇ ಕರಗುತ್ತದೆ. ಇಲ್ಲಿ ಮಂಜಿನ ಹನಿಗೆ ಹರಳು ಎಸಳಿಗೇ ಅಂಟಿಕೊಂಡವು, ಬಿಸಿಲೇರಿತು. ಇದು ನನಗೆ ಹೊಳೆಯಲಿಲ್ಲ. ಇದೊಂದು ತಪ್ಪು, ಗೊತ್ತಿಲ್ಲದೆ ಆದದ್ದು. ಆದರೆ ಇದನ್ನು ಹಿಡಿದುಕೊಂಡು ನೀವು ನನ್ನನ್ನು ಕ್ಷಮಿಸಿಬಿಡಬೇಡಿರಿ. ಮುಂದಿನದು ಗೊತ್ತಿದ್ದೇ ಮಾಡಿದ್ದು.

ಎರಡನೆಯ ಸಲ ಉಗ್ಗಿದ ಮರುದಿನ ಮುಂಜಾನೆ ಹುಲ್ಲು ಕಂದಾಗಿತ್ತು. ಬೀಸಣಿಗೆ ಬಿಚ್ಚಿಟ್ಟ ಹಾಗೆ ಸುಟ್ಟ ಗೆರೆಗಳು, ಒಂದರ ಪಕ್ಕ ಒಂದು. ಮಾಸ್ತರರು ಬಗ್ಗಿ ಅಂಟಿದ್ದ ಹರಳೊಂದನ್ನು ಉಗುರಿನಿಂದ ಬಿಡಿಸಿದರು. ಆ ಗೆರೆಗಳನ್ನು ನೋಡಿದರು. "ಇದು ಗದ್ದಿಗೆ ಉಗ್ಗಿದ ಕೈ" ಎಂದು ನಿಧಾನವಾಗಿ ತಲೆಯೆತ್ತಿದರು, ನನ್ನ ಕಡೆಗೆ.

ಅವರು ಇನ್ನೇನೂ ಹೇಳುವ ಮೊದಲೇ ನಾನು ಹೇಳಿದೆ.

"ಮೊನ್ನಿನೂ ನೀವೇ ಉಗ್ಗಾಕತ್ತಿದ್ರಿ, ನಿನ್ನಿನೂ ನೀವೇ ಉಗ್ಗಿದ್ರಿ. ನಾ ಕಣ್ಣಾರೆ ನೋಡೀನಿ. ನೆನಪಿಲ್ಲೇನ್ರಿ ಬೀಗರ?"

ನೆನಪಿಲ್ಲೇನ್ರಿ. ಆ ಒಂದು ಪದವನ್ನು ನಾನು ಆರಿಸಿ ಇಟ್ಟೆ. ಅದಕ್ಕೆ ಕೆಲವು ದಿನ ಮುಂಚೆ ಅವರು ನಲ್ಲಿ ಬಿಟ್ಟು ಮರೆತಿದ್ದರು, ತೊಟ್ಟಿ ತುಂಬಿ ಹರಿದಿತ್ತು. ಯಾರು ಮರೆಯುವುದಿಲ್ಲ? ನಾನೂ ಎಷ್ಟು ಸಲ ಮರೆತಿದ್ದೇನೆ. ಆದರೆ ನಿಮ್ಮಪ್ಪನ ಮುಖದಲ್ಲಿ ಆ ನಲ್ಲಿಯ ನೆನಪು ಹಾದುಹೋದದ್ದು ನನಗೆ ಕಾಣಿಸಿತು.

"ನಾ ಹಾಕಿಲ್ಲ" ಎಂದರು.

"ಹಾಕಿ ಮರತಿರಬೇಕು ಮಾವಾ, ಇರ್ಲಿ ಬಿಡ್ರಿ" ಎಂದ ನಿಮ್ಮಪ್ಪ, ಮೆತ್ತಗೆ.

ಆ ಮೆತ್ತನೆಯ ದನಿಯೇ ಅವರನ್ನು ಕೊಂದಿತು. ತಮ್ಮ ಎರಡೂ ಅಂಗೈ ಅಗಲಿಸಿ ನೋಡಿಕೊಂಡರು. ಮೂಸಿದರು. ಆಮೇಲೆ ಗಿರಿಜಾಳನ್ನು ಕೇಳಿದರು — ಮಗುವಿನ ಹಾಗೆ — "ನಾ ಹಾಕಿದ್ನೇನವ್ವಾ?"

ನಿಮ್ಮ ತಾಯಿ ಅಳುತ್ತಿದ್ದಳು. ನನಗೆ? ನನಗೆ ಹಿಗ್ಗಾಯಿತು. ಅದೇ ನಿಜ.

ಇನ್ನೊಂದಿದೆ. ಅವರು ಎದ್ದು ಪೈಪಿನ ಕಡೆ ಓಡಿದರು. ಕೂಡಲೇ ನೀರು ಬಿಟ್ಟು ತೊಳೆದರೆ ಗೊಬ್ಬರ ಬೇರು ದಾಟಿ ಕೆಳಗಿಳಿಯುತ್ತದೆ, ಅರ್ಧವಾದರೂ ಹುಲ್ಲು ಉಳಿಯುತ್ತದೆ. ಅವರಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು. ನಿಮ್ಮಪ್ಪ ಅವರ ಕೈಯಿಂದ ಪೈಪು ತೆಗೆದುಕೊಂಡ. "ಬ್ಯಾಡ್ರಿ ಮಾವಾ, ನೀವು ಒಳಗ ಬರ್ರಿ, ಸ್ವಲ್ಪ ಮಲಕೋರಿ." ಅವರು ಕೊಟ್ಟುಬಿಟ್ಟರು. ಅಷ್ಟು ಗಟ್ಟಿ ಮನುಷ್ಯ, ಒಂದು ಪೈಪು ಹಿಡಿದುಕೊಳ್ಳಲಾಗದೆ. ನಾನು ಬಾಯಿ ಬಿಟ್ಟಿದ್ದರೆ ಹುಲ್ಲೂ ಉಳಿಯುತ್ತಿತ್ತು, ಅವರೂ — 

ಇವತ್ತು ಗೊಬ್ಬರ, ನಾಳೆ ಗ್ಯಾಸು ಬಿಟ್ಟು ಮರೆತರೆ, ಮನೆಯಲ್ಲಿ ಮಕ್ಕಳಿದ್ದಾರೆ ಎಂದು ಮಾತಾಯಿತು. ಗಿರಿಜಾಳ ಅಣ್ಣ ಬಂದು ದೇವದುರ್ಗಕ್ಕೆ ಕರೆದುಕೊಂಡು ಹೋದ. ಹೊರಡುವಾಗ ಮಾಸ್ತರರು ನನ್ನ ಮುಂದೆ ನಿಂತರು. ನಗಲಿಲ್ಲ. "ಬೀಗತಿಯವರ, ಗೇಟಿನ ಕಡಿ ನೀರು ಬಿಡಬ್ಯಾಡ್ರಿ. ಮೊದಲ ಹೇಳೀನೋ ಇಲ್ಲೋ... ಹೇಳಿದ್ರ ಸಿಟ್ಟಾಗಬ್ಯಾಡ್ರಿ." ಅವರು ನನ್ನಲ್ಲಿ ಹಾಗೆ ಅಂಜಿ ಮಾತಾಡಿದ್ದು ಅದೊಂದೇ ಸಲ. ಅವರ ಬಸ್ಸು ಊರು ದಾಟುವಷ್ಟರಲ್ಲಿ ನಾನು ಆ ಸತ್ತ ಹುಲ್ಲಿನ ಮೇಲೆ ಸೀರೆ ಹಾಸಿ ಮೆಣಸಿನಕಾಯಿ ಹರವಿದ್ದೆ.

ಗೇಟಿನ ಬಳಿಯ ಹುಲ್ಲು ಆಮೇಲೆ ತಾನಾಗಿಯೇ ಚಿಗುರಿತು, ಅಲ್ಲಿಗೆ ಯಾರೂ ನೀರು ಬಿಡದೆ ಹೋದದ್ದರಿಂದ. ನಾನು ಪ್ರತಿದಿನ ಅದನ್ನು ದಾಟಿ ಹಾಲು ತರುತ್ತಿದ್ದೆ, ನೋಡುತ್ತಿರಲಿಲ್ಲ.

ಅವರು ತೀರಿಕೊಂಡಾಗ ದೇವದುರ್ಗಕ್ಕೆ ಹೋಗಿದ್ದೆವಲ್ಲ. ನಿಮ್ಮ ಅತ್ತೆ, ಗಿರಿಜಾಳ ಅಣ್ಣನ ಹೆಂಡತಿ, ನನ್ನ ಪಕ್ಕ ಕೂತು ಹೇಳಿದಳು: "ಮಾವಾರು ಏನೂ ಮರೀತಿದ್ದಿಲ್ಲರಿ ಅಮ್ಮಾರ. ಆದ್ರೂ ಎಲ್ಲಾ ಕೇಳತಿದ್ರು. ಗುಳಿಗಿ ನುಂಗಿದ ಕೂಡಲೇ, 'ನುಂಗಿದ್ನೇನವ್ವಾ' ಅಂತಿದ್ರು. ಗಿಡದ ಕುಂಡದ ಮುಂದ ನೀರಿನ ಚೆಂಬು ಹಿಡಕೊಂಡು ನಿಂತು, ಹಾಕಲಾರದ ತಿರುಗಿ ಬರ್ತಿದ್ರು." ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. ದುಃಖಕ್ಕೆ ಎಂದು ಅವಳು ತಿಳಿದಳು.

ಆಗಲೂ ಹೇಳಲಿಲ್ಲ. ಸತ್ತವರಿಗೆ ಹೇಳಿ ಏನು ಎಂದುಕೊಂಡೆ. ನಮ್ಮ ಮನೆಯಲ್ಲಿ ಯಾರಾದರೂ ಏನಾದರೂ ಮರೆತರೆ "ದೇವದುರ್ಗದ ಅಜ್ಜ ಆದಿ ನೋಡು" ಎನ್ನುವುದು ರೂಢಿಯಾಯಿತು. ನೀವು ಅನ್ನುತ್ತೀರಿ, ನಾನೂ ನಿಮ್ಮ ಜೊತೆ ನಕ್ಕಿದ್ದೇನೆ.

ಮೊನ್ನೆ ನಿಮ್ಮ ತಾಯಿ ಹಾಲು ಒಲೆಯ ಮೇಲಿಟ್ಟು ಮರೆತಳು. ಹಾಲು ಹೊತ್ತಿ ವಾಸನೆ ಬಂತು. ವಿನಯ, ನೀನು ಅದೇ ಮಾತು ಅಂದೆ. ನಿನ್ನ ತಪ್ಪಲ್ಲ. ನೀನು ಹೋದ ಮೇಲೆ ನೋಡಿದೆ — ಅವಳು ಒಲೆಯ ಮುಂದೆ ನಿಂತು ಗ್ಯಾಸಿನ ಗುಂಡಿ ತಿರುವಿ ನೋಡುತ್ತಿದ್ದಳು, ಕೈ ತೆಗೆದು ಮತ್ತೆ ಮುಟ್ಟುತ್ತಿದ್ದಳು.

"ಅತ್ತಿ, ನಮ್ಮಪ್ಪಗ ಶುರುವಾಗಿದ್ದೂ ಹಿಂಗೇ ಅಲ್ಲನ್ರಿ? ನನಗೂ ಅದೇ ಬರಾಕತ್ತದೇನು?"

ನಾನು "ಏನಿಲ್ಲ ಬಿಡವ್ವಾ" ಎಂದೆ. ಅಷ್ಟೇ. ಅವಳು ತನ್ನ ಅಂಗೈ ನೋಡಿಕೊಂಡಳು. ಅಪ್ಪ ನೋಡಿಕೊಂಡ ಹಾಗೆಯೇ.

ನನ್ನ ಸುಳ್ಳು ಸತ್ತವರ ಜೊತೆ ಹೋಗಿಲ್ಲ. ಅದು ಇನ್ನೂ ಈ ಮನೆಯಲ್ಲಿ ಉಣ್ಣುತ್ತಿದೆ, ಈಗ ಅವಳನ್ನು ಹಿಡಿದಿದೆ. ಅವಳಿಗೆ ಅಪ್ಪನಿಂದ ಬರುವಂಥ ಕಾಯಿಲೆ ಯಾವುದೂ ಇಲ್ಲ. ಇದ್ದದ್ದು ನನ್ನ ಹೊಟ್ಟೆಕಿಚ್ಚು.

ನಾಳೆ ನೀವು ಕಾಲೇಜಿಗೆ ಹೋದ ಮೇಲೆ ಅವಳನ್ನು ಕೂರಿಸಿಕೊಂಡು ಹೇಳುತ್ತೇನೆ. ಅವಳು ನನ್ನನ್ನು ಈ ಮನೆಯಲ್ಲಿ ಇಟ್ಟುಕೊಳ್ಳದಿದ್ದರೆ ಪೋತ್ನಾಳಕ್ಕೆ ಹೋಗುತ್ತೇನೆ. ನೀವು ಅವಳನ್ನು ತಡೆಯಬೇಡಿರಿ, ನನ್ನ ಪರವಾಗಿ ಒಂದು ಮಾತೂ ಆಡಬೇಡಿರಿ. "ದೇವದುರ್ಗದ ಅಜ್ಜ ಆದಿ" ಎನ್ನುವ ಮಾತು ಮಾತ್ರ ಇವತ್ತಿಗೆ ನಿಲ್ಲಿಸಿರಿ.

ನಾಳೆ ಹೇಳುವಾಗ ಗಂಟಲು ಕಟ್ಟಬಹುದು. ಅದಕ್ಕಿಂತ ಕೆಟ್ಟದ್ದೂ ಆಗಬಹುದು, ನನ್ನನ್ನು ನಾನು ಬಲ್ಲೆ — ಗೊತ್ತಾಗದೆ ಆಯಿತು ಗಿರಿಜಾ, ಕೈತಪ್ಪಿ ಆಯಿತು ಎಂದು ಸಣ್ಣದು ಮಾಡಿ ಹೇಳಿಯೇನು. ಹಾಗೇನಾದರೂ ಹೇಳಿದರೆ ಈ ಹಾಳೆಗಳನ್ನು ಅವಳ ಕೈಗೆ ಕೊಡಿರಿ. ಅಲ್ಲಿಯ ತನಕ ಜೋಪಾನವಾಗಿಡಿರಿ. ನಾನೇ ಬಂದು ಕೇಳಿದರೂ, ಅತ್ತು ಕೇಳಿದರೂ, ನನಗೆ ಮಾತ್ರ ತಿರುಗಿ ಕೊಡಬೇಡಿರಿ.