ಹೋದ ವರ್ಷದ ಗುರು

ಮನೆಯ ಎದುರಿನ ಕೋಣೆಯಲ್ಲಿ ಕೂತು ಊರವರ ಜಾತಕ ನೋಡುವ ನನ್ನ ಗಂಡ ನಾಗೇಶ್ವರ ಭಟ್ಟರಿಗೆ ಪಂಚಾಂಗ ಓದಲು ಬರುವುದಿಲ್ಲ. ಮಡಿಕೇರಿಯಲ್ಲಿ ಈ ಗುಟ್ಟು ಗೊತ್ತಿದ್ದದ್ದು ನನಗೊಬ್ಬಳಿಗೆ. ಈಗ ಎಲ್ಲರಿಗೂ ಗೊತ್ತಾಗಿದೆ, ಹಾಗಾಗಿ ಬರೆಯಲು ಅಡ್ಡಿಯಿಲ್ಲ.

ಇವರ ಅಪ್ಪ ಪುರೋಹಿತರು, ಅಜ್ಜನೂ ಪುರೋಹಿತರು. ಇವರು ಮಾತ್ರ ಮಂತ್ರದ ಪುಸ್ತಕ ಮಡಚಿಟ್ಟು ಸರ್ಕಾರಿ ಕಚೇರಿಯೊಂದರ ಟಪಾಲು ವಿಭಾಗಕ್ಕೆ ಸೇರಿಕೊಂಡರು. ಬಂದ ಕಾಗದ ಒಡೆಯುವುದು, ನಂಬರು ಹಾಕುವುದು, ಸೀಲು ಗುದ್ದುವುದು, ಸಂಬಂಧಪಟ್ಟವರ ಮೇಜಿಗೆ ಕಳಿಸುವುದು. ಮೂವತ್ನಾಲ್ಕು ವರ್ಷ ಅದೇ ಕೆಲಸ. ಅಷ್ಟು ರಾಶಿ ಕಾಗದದಲ್ಲಿ ಇವರ ಹೆಸರಿಗೆಂದು ಬಂದದ್ದು ಎರಡೇ ಎರಡು. ಒಂದು ಮೆಮೊ, ಇನ್ನೊಂದು ನಿವೃತ್ತಿಯ ಆದೇಶ. ಮೆಮೊ ಯಾಕೆ ಬಂತೆಂದು ನಾನು ಇವತ್ತಿನವರೆಗೂ ಕೇಳುತ್ತಲೇ ಇದ್ದೇನೆ, ಇವರು ಬಾಯಿ ಬಿಟ್ಟಿಲ್ಲ.

ನಿವೃತ್ತಿಯಾದ ಮೇಲೆ ಒಂದು ಕಂಪ್ಯೂಟರ್ ತಂದರು. ಮೈಸೂರಿನ ಯಾವುದೋ ವಸ್ತುಪ್ರದರ್ಶನದಲ್ಲಿ ಜಾತಕ ಬರೆಯುವ ಸಾಫ್ಟ್‌ವೇರಿನ ಸಿ.ಡಿ. ಸಿಕ್ಕಿತು. ಹುಟ್ಟಿದ ದಿನ, ಗಂಟೆ, ಊರು ಹಾಕಿ ಗುಂಡಿ ಒತ್ತಿದರೆ ಹನ್ನೆರಡು ಮನೆಗಳೂ ಕನ್ನಡದಲ್ಲಿ ಬಂದು ಕೂರುತ್ತಿದ್ದವು. ಪುರೋಹಿತರ ಮಗ, ಹಣೆಯಲ್ಲಿ ಗಂಧ, ಪಕ್ಕದಲ್ಲಿ ಪ್ರಿಂಟರು. ಜನಕ್ಕೆ ಇನ್ನೇನು ಬೇಕು? ಪರದೆ ನೋಡಿಕೊಂಡು ಉದ್ದಕ್ಕೆ 'ಹ್ಞೂಂ' ಎನ್ನುವುದೊಂದನ್ನು ಇವರು ಅಪ್ಪನಿಂದ ಸರಿಯಾಗಿ ಕಲಿತಿದ್ದರು. ಉಳಿದದ್ದೆಲ್ಲ ಸಿ.ಡಿ.ಯ ಪ್ರತಾಪ. ನಮ್ಮಪ್ಪ ಪಂಚಾಂಗ ಓದುವುದನ್ನು ಕೇಳಿ ಕೇಳಿ ನಾನು ಹತ್ತು ವರ್ಷಕ್ಕೇ ತಿಥಿ, ನಕ್ಷತ್ರ, ಗ್ರಹಚಾರ ಎಲ್ಲ ಹೇಳುತ್ತಿದ್ದೆ. ಆದರೆ ಜಾತಕ ಹಿಡಿದು ಬಂದವರಿಗೆ ನನ್ನಿಂದ ಬೇಕಾದದ್ದು ಕಾಫಿ ಮಾತ್ರ.

ಇಷ್ಟಕ್ಕೆ ನಿಂತಿದ್ದರೆ ಚೆನ್ನಾಗಿತ್ತು. ಕಂಪ್ಯೂಟರಿನ ಒಳಗೆ ಎಲ್ಲವನ್ನೂ ನಡೆಸುವ ಯಜಮಾನ ಒಬ್ಬನಿರುತ್ತಾನಂತೆ, ಆಪರೇಟಿಂಗ್ ಸಿಸ್ಟಮ್ ಎಂದು. ಅದರ ಹೊಸ ಆವೃತ್ತಿಯನ್ನು ಎಲ್ಲರಿಗೂ ಬಿಡುವ ಮೊದಲೇ ಹಾಕಿಕೊಂಡು, ಬಳಸಿ ನೋಡಿ, ತಪ್ಪು ಹುಡುಕಿ ಹೇಳುವವರು ಬೇಕೆಂದು ಕಂಪನಿಯವರು ಕರೆ ಕೊಟ್ಟರು. ತಪ್ಪು ಹುಡುಕುವ ಕೆಲಸ ಎಂದ ಮೇಲೆ ಇವರನ್ನು ಹಿಡಿಯುವವರು ಯಾರು? ಮದುವೆಯಾದಾಗಿನಿಂದ ನನ್ನ ಸಾರಿನ ಮೇಲೆ ಅಭ್ಯಾಸ ಮಾಡಿದವರು.

ದಿನಬಳಕೆಯ ಕಂಪ್ಯೂಟರಿಗೆ ಇದನ್ನು ಹಾಕಬೇಡಿ ಎಂದು ಕಂಪನಿಯೇ ದಪ್ಪಕ್ಷರದಲ್ಲಿ ಬರೆದಿತ್ತು. ನಾನು ಬೆರಳಿಟ್ಟು ತೋರಿಸಿದೆ.

"ಅದು ಗೊತ್ತಿಲ್ಲದವರಿಗೆ ಬರೆದದ್ದು, ಮಾರಾಯ್ತಿ" ಎಂದರು.

ಹಾಕಿದ ಮೊದಲ ವಾರ ಕಂಪ್ಯೂಟರಿನ ಸ್ವರ ನಿಂತಿತು. ಎರಡನೆಯ ವಾರ ಒಂದು ಪ್ರತಿ ಕೇಳಿದರೆ ಪ್ರಿಂಟರು ಹನ್ನೊಂದು ಉಗುಳಿತು. ಇವರಿಗೆ ಬೇಸರವೇ ಇಲ್ಲ, ಹಬ್ಬ. ಪ್ರತಿಯೊಂದು ತಪ್ಪಿಗೂ ಕಂಪನಿಗೆ ಇ-ಮೇಲಿನಲ್ಲಿ ಕಾಗದ ಬರೆದರು. "ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಗಮನಕ್ಕೆ ತರಬಯಸುವುದೇನೆಂದರೆ" ಎಂದು ಶುರು, "ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ಕೋರಿಕೆ" ಎಂದು ಮುಕ್ತಾಯ. ಅಮೆರಿಕದಲ್ಲಿ ಅದನ್ನು ಯಾರು ಓದಿದರೋ ದೇವರೇ ಬಲ್ಲ. ಆದರೆ ಐದು ನಿಮಿಷದೊಳಗೆ ಇಂಗ್ಲಿಷಿನಲ್ಲಿ ಉತ್ತರ ಬರುತ್ತಿತ್ತು: ಪ್ರಿಯ ನಾಗೇಶ್ವರ, ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ. ಯಂತ್ರ ತಾನಾಗಿ ಕಳಿಸುವ ಉತ್ತರ ಅದು, ಎಲ್ಲವೂ ಒಂದೇ ಅಚ್ಚು. ಇವರು ಒಂದೊಂದನ್ನೂ ಪ್ರಿಂಟು ತೆಗೆದು, ನಂಬರು ಹಾಕಿ, ಫೈಲಿನಲ್ಲಿ ಪೋಣಿಸಿದರು. ಒಂದು ತಪ್ಪೂ ಸರಿಯಾಗಲಿಲ್ಲ. ಹೆಸರಿಗೆ ಕಾಗದ ಬಂತಲ್ಲ, ಅಷ್ಟು ಸಾಕಿತ್ತು ಇವರಿಗೆ. ಆ ಫೈಲನ್ನು ಕೈಯಲ್ಲಿ ಸವರುವುದನ್ನು ನೋಡಿ ನಗು ಬಂತು, ಪಾಪ ಎಂದೂ ಅನಿಸಿತು.

ಇಂಥ ಪರೀಕ್ಷೆಯ ಆವೃತ್ತಿಗೆ ಆಯಸ್ಸು ಕಡಿಮೆ. ಇಂತಿಷ್ಟು ತಿಂಗಳಾದ ಮೇಲೆ ಮುಂದಿನದನ್ನು ಹಾಕಿಕೊಳ್ಳಲೇಬೇಕು. ಆದರೆ ಮುಂದಿನದರಲ್ಲಿ ಜಾತಕದ ಸಾಫ್ಟ್‌ವೇರು ತೆರೆಯುವುದೇ ಇಲ್ಲವೆಂದು ತಿಳಿದು ಇವರು ಹಳೆಯದನ್ನೇ ಕಚ್ಚಿಕೊಂಡರು. ಅವಧಿ ಮುಗಿಯಿತು. ಎರಡೆರಡು ಗಂಟೆಗೊಮ್ಮೆ ಕಂಪ್ಯೂಟರ್ ತಾನಾಗಿ ಆರಿಹೋಗಲು ಶುರುವಾಯಿತು. ನಾಲ್ಕು ದಿನ ಇವರು ಊಟ ಸರಿಯಾಗಿ ಮಾಡಲಿಲ್ಲ. ಐದನೆಯ ದಿನ ಬೆಳಿಗ್ಗೆ ನಗುತ್ತಾ ತಿಂಡಿಗೆ ಬಂದರು.

"ಸರಿಯಾಯ್ತು, ವೇದಾ. ಗಡಿಯಾರವನ್ನು ಒಂದು ವರ್ಷ ಹಿಂದಕ್ಕೆ ಇಟ್ಟುಬಿಟ್ಟೆ. ಅದರ ಲೆಕ್ಕದಲ್ಲಿ ಇನ್ನೂ ಹೋದ ವರ್ಷವೇ, ಅವಧಿ ಮುಗಿಯಲೇ ಇಲ್ಲ."

"ಹೋದ ವರ್ಷ ನಿಮಗೆ ಹರ್ನಿಯ ಆಪರೇಷನ್ ಆಗಿತ್ತು. ಅದೂ ವಾಪಸ್ ಬರ್ತದಾ?" ಎಂದೆ.

ಇಂಟರ್ನೆಟ್ ಇದ್ದರೆ ಅದು ದಿನಾಂಕವನ್ನು ಮತ್ತೆ ಸರಿಮಾಡಿಬಿಡುತ್ತದೆಂದು ಆ ವೈರನ್ನೂ ಕಿತ್ತು ಸುತ್ತಿಟ್ಟರು. ಕಾಗದ ಬರುವುದು ನಿಂತಿತಲ್ಲ ಎಂಬುದೊಂದೇ ಇವರ ಕೊರಗು. ನಾನೂ ಮುಂದಕ್ಕೆ ಯೋಚಿಸಲಿಲ್ಲ, ಅದು ನನ್ನ ತಪ್ಪೇ.

ಫೆಬ್ರವರಿಯ ಒಂದು ಬುಧವಾರ ಚೇರಂಬಾಣೆ ಕಡೆಯಿಂದ ಬೊಳ್ಳಪ್ಪ ಬಂದರು. ಅರೆಭಾಷೆ ಗೌಡರು, ನಾಲ್ಕೆಕ್ರೆ ಕಾಫಿ, ಮಾತು ಕಡಿಮೆ. ಮಗಳು ಕವನಾ ತಾಲ್ಲೂಕು ಕಚೇರಿಯಲ್ಲಿ ಸರ್ವೆಯರು. ಅವಳಿಗೂ ಮಿಲಿಟರಿಯಲ್ಲಿರುವ ತೀರ್ಥಪ್ರಸಾದನಿಗೂ ಮಾತುಕತೆಯಾಗಿತ್ತು. ಹುಡುಗ ರಜೆಯಲ್ಲಿ ಬಂದಿದ್ದಾನೆ, ಹೋದರೆ ಮತ್ತೆ ಬರುವುದು ಬರುವ ವರ್ಷ. ಇಬ್ಬರಿಗೂ ಒಪ್ಪಿಗೆ. ಹುಡುಗನ ತಾಯಿ ಪೂವಮ್ಮನವರದು ಮಾತ್ರ ಒಂದೇ ಷರತ್ತು: ಹುಡುಗಿಗೆ ಗುರುಬಲ ಬಂದಿರಬೇಕು. ಗುರು ವರ್ಷಕ್ಕೊಂದು ರಾಶಿ ದಾಟುವವನು. ಅವನು ಈಗ ಹುಡುಗಿಗೆ ಅನುಕೂಲದ ಮನೆಯಲ್ಲಿದ್ದಾನೋ ಇಲ್ಲವೋ, ಅಷ್ಟನ್ನೇ ಇವರು ನೋಡಿ ಹೇಳಬೇಕಿತ್ತು.

ಇವತ್ತು ಯಾವ ಗ್ರಹ ಎಲ್ಲಿದೆ ಎಂದು ತೋರಿಸುವ 'ಇಂದಿನ ಗೋಚಾರ' ಎಂಬ ಗುಂಡಿಯನ್ನು ಇವರು ಒತ್ತಿದರು. ನಾನು ಒಳಗೆ ಮಿಕ್ಸಿ ಹಾಕಿದ್ದೆ, ಏನೂ ಕೇಳಿಸಲಿಲ್ಲ. ಕಾಫಿ ಹಿಡಿದು ಬರುವಷ್ಟರಲ್ಲಿ ಬೊಳ್ಳಪ್ಪ ಎದ್ದು ನಿಂತಿದ್ದರು. ಕೈಯಲ್ಲಿ ಪ್ರಿಂಟಾದ ಹಾಳೆ.

"ಒಂದು ವರ್ಷ ಅವರು ಕಾಯುವವರಲ್ಲ, ಭಟ್ರೆ" ಎಂದರು. ಕಾಫಿ ಮುಟ್ಟದೆ ಹೋದರು.

ಹಾಳೆ ಪೂವಮ್ಮನವರ ಮನೆ ಮುಟ್ಟಿದ ಸಂಜೆಯೇ ಉತ್ತರದ ಜೊತೆ ವಾಪಸ್ ಬಂತಂತೆ: ಗುರುಬಲ ಇಲ್ಲದ ಮೇಲೆ ನಾವು ಬೇರೆ ಕಡೆ ನೋಡುತ್ತೇವೆ.

ನಾಲ್ಕನೆಯ ದಿನ ಕವನಾ ಒಬ್ಬಳೇ ಸ್ಕೂಟರಿನಲ್ಲಿ ಬಂದಳು. ಕೂರಿ ಎಂದರೂ ಕೂರಲಿಲ್ಲ. ಹಾಳೆಯನ್ನು ಇವರ ಮುಂದೆ ಬಿಡಿಸಿಟ್ಟಳು.

"ಅಪ್ಪ ಇಲ್ಲಿಗೆ ಬಂದದ್ದು ಯಾವ ವಾರ, ಭಟ್ರೆ?"

"ಬುಧವಾರ."

"ಇದರಲ್ಲಿ ಮಂಗಳವಾರ ಅಂತ ಉಂಟು. ಇಸವಿಯೂ ನೋಡಿ. ಹೋದ ವರ್ಷದ್ದು."

ಇವರು ಮುಗುಳ್ನಕ್ಕರು. ಕೇಳುವವರು ಸಿಕ್ಕಿದ್ದೇ ಸಂತೋಷ. ಪರೀಕ್ಷೆಯ ಆವೃತ್ತಿ, ಅದರ ಅವಧಿ, ಹಿಂದಕ್ಕಿಟ್ಟ ಗಡಿಯಾರ, ತಾನು ಕಂಪನಿಯನ್ನೇ ಯಾಮಾರಿಸಿದ್ದು, ಎಲ್ಲವನ್ನೂ ಬಿಡಿಸಿ ಬಿಡಿಸಿ ಹೇಳಿದರು. ಅವಳು ಪೂರ್ತಿ ಕೇಳಿದಳು.

"ಹಾಗಾದ್ರೆ ಗುರು ಯಾವ ವರ್ಷದ್ದು?" ಎಂದಳು.

ಇವರು ಹಾಳೆಯನ್ನು ಕೈಗೆ ತೆಗೆದುಕೊಂಡು ದಿನಾಂಕ ನೋಡಿದರು. ನಾನು ಅಡುಗೆಮನೆಗೆ ಹೋಗಿ ಮೊಳೆಯಲ್ಲಿದ್ದ ಪಂಚಾಂಗ ತಂದೆ. ನೋಡುವ ಅಗತ್ಯವೇ ಇರಲಿಲ್ಲ, ಆದರೂ ಪುಟ ತೆಗೆದು ತೋರಿಸಿದೆ.

"ಹೋದ ವರ್ಷ ಈ ಹೊತ್ತಿಗೆ ಗುರು ವೃಷಭದಲ್ಲಿದ್ದ, ಇವಳ ರಾಶಿಯ ಮೇಲೇ ಕೂತಿದ್ದ. ಆಗ ಬಲ ಇರಲಿಲ್ಲ. ಈಗ ಮಿಥುನದಲ್ಲಿದ್ದಾನೆ, ಇವಳಿಗೆ ಎರಡನೇ ಮನೆ. ಇದಕ್ಕಿಂತ ಹೆಚ್ಚು ಗುರುಬಲ ಬೇಕಾದರೆ ಇವಳು ಗುರುವನ್ನೇ ಮದುವೆಯಾಗಬೇಕು."

ಇವರು ಪರದೆಯನ್ನೊಮ್ಮೆ, ಪಂಚಾಂಗವನ್ನೊಮ್ಮೆ ನೋಡಿದರು. ಹಣೆಯ ಗಂಧ ಬೆವರಿಗೆ ಕರಗುತ್ತಿತ್ತು.

"ಒಂದು ಕೆಲಸ ಮಾಡುವ" ಎಂದರು, ಸ್ವರ ತಗ್ಗಿಸಿ. "ಒಂದು ಗುರುಶಾಂತಿ ಮಾಡಿಸಿ, ದೋಷ ಪರಿಹಾರ ಆಯ್ತು, ಬಲ ಬಂತು ಅಂತ ಹೇಳಿಬಿಟ್ಟರೆ? ಅವರ ಮದುವೆಯೂ ಆಗ್ತದೆ, ನಮ್ಮ ಮರ್ಯಾದೆಯೂ..."

ನನಗೆ ತಡೆಯಲಾಗಲಿಲ್ಲ. "ಕೆಟ್ಟದ್ದು ನಿಮ್ಮ ಡಬ್ಬ. ಶಾಂತಿ ಅವಳಿಗಾ? ನಾಚಿಕೆ ಆಗುದಿಲ್ವಾ ನಿಮಗೆ? ಆ ಬೊಳ್ಳಪ್ಪನವರು ಕಾಫಿಯನ್ನೂ ಮುಟ್ಟದೆ ಎದ್ದು ಹೋದರು, ನಾನು ನೋಡಿದ್ದೇನೆ ಆ ಮುಖವನ್ನು."

"ಶಾಂತಿ ಬೇಡ ಭಟ್ರೆ" ಎಂದಳು ಕವನಾ. "ನೀವೇ ಬಂದು ತಪ್ಪಾಯ್ತು ಅಂತ ಹೇಳಿ. ನಾನು ಹೇಳಿದ್ರೆ, ಮದುವೆಗೋಸ್ಕರ ಹೇಳ್ತಾಳೆ ಅಂತಾರೆ."

ಇವರು ಬರುವುದಿಲ್ಲ ಎಂದರೆ ಇವತ್ತೇ ಇವರ ಗುಟ್ಟನ್ನೆಲ್ಲ ಬೀದಿಗೆ ಹಾಕುವುದು ಎಂದು ನಾನು ತೀರ್ಮಾನ ಮಾಡಿಯಾಗಿತ್ತು. ಆದರೆ ಇವರು ಎದ್ದು ಅಂಗಿ ಹಾಕಿಕೊಂಡರು. ಗುಂಡಿಗಳೆಲ್ಲ ಒಂದೊಂದು ಮನೆ ತಪ್ಪಿದ್ದವು, ನಾನೇ ಬಿಚ್ಚಿ ಸರಿಯಾಗಿ ಹಾಕಿದೆ.

ಮಧ್ಯಾಹ್ನ ಬೊಳ್ಳಪ್ಪನವರ ಜೀಪಿನಲ್ಲಿ ಹೋದೆವು. ಪೂವಮ್ಮನವರ ಅಂಗಳದ ತುಂಬ ಟಾರ್ಪಾಲಿನ ಮೇಲೆ ಕರಿಮೆಣಸು ಒಣಗುತ್ತಿತ್ತು. ತೀರ್ಥಪ್ರಸಾದ್ ಅದನ್ನು ಕಾಲಿನಲ್ಲಿ ಹರಡುತ್ತಿದ್ದ. ನಮ್ಮನ್ನು ನೋಡಿ ಹಾಗೇ ನಿಂತ. ಕವನಾ, ಬೊಳ್ಳಪ್ಪ ಜೀಪಿನಲ್ಲೇ ಉಳಿದರು, ನಾವಿಬ್ಬರು ಜಗಲಿ ಹತ್ತಿದೆವು.

ಇವರು ಕೂರಲಿಲ್ಲ. ನಿಂತೇ ಹೇಳಿದರು: "ಪೂವಮ್ಮ, ನಾನು ಹೇಳಿದ್ದು ತಪ್ಪು. ನನಗೆ ಪಂಚಾಂಗ ನೋಡಲು ಬರುದಿಲ್ಲ. ಕಂಪ್ಯೂಟರ್ ನೋಡಿ ಹೇಳ್ತೇನೆ. ಅದರ ಗಡಿಯಾರವನ್ನು ನಾನೇ ಹಿಂದಕ್ಕೆ ಇಟ್ಟಿದ್ದೆ, ಅದು ಹೋದ ವರ್ಷದ ಗುರುವನ್ನು ತೋರಿಸಿತು. ಹುಡುಗಿಗೆ ಗುರುಬಲ ಚೆನ್ನಾಗಿ ಉಂಟು."

ಅಷ್ಟು ವರ್ಷ ಜೊತೆಗಿದ್ದು ನಾನು ಇವರ ಬಾಯಲ್ಲಿ 'ತಪ್ಪು' ಎಂಬ ಮಾತನ್ನು ಇವರದೇ ವಿಷಯಕ್ಕೆ ಕೇಳಿದ್ದು ಅದೇ ಮೊದಲು. ಮೆಚ್ಚಿಗೆಯಾಯಿತು. ಆಗ ಹೇಳಲಿಲ್ಲ, ಈಗ ಹೇಳುತ್ತಿದ್ದೇನೆ.

ಪೂವಮ್ಮ ಎಲೆಗೆ ಸುಣ್ಣ ಸವರುತ್ತಾ ತಲೆ ಎತ್ತಲಿಲ್ಲ. "ಆಯ್ತು ಭಟ್ರೆ. ಆದ್ರೆ ಒಮ್ಮೆ ಬಲ ಇಲ್ಲೆ ಅಂತ ಬಾಯಲ್ಲಿ ಬಂದ ಮೇಲೆ ಆಯ್ತಲ್ಲ. ಅದು ಹಾಗೇ ಇರ್ಲಿ."

ನಾನು ಬಾಯಿ ತೆರೆಯುವ ಮೊದಲೇ ಇವರು ಮುಂದೆ ಬಂದರು. ಟಪಾಲು ವಿಭಾಗದಲ್ಲಿ ಯಾರಿಗೂ ಎದುರು ಮಾತಾಡದೆ ಮೂವತ್ನಾಲ್ಕು ವರ್ಷ ಕಳೆದವರು.

"ಹುಡುಗಿ ಬೇಡ ಅಂದ್ರೆ ಬೇಡ ಅಂತ ಹೇಳಿ. ಗುರುವಿನ ತಲೆಗೆ ಕಟ್ಟಬೇಡಿ. ನನ್ನ ಕಂಪ್ಯೂಟರಿಗೂ ಕಟ್ಟಬೇಡಿ, ಅದರ ಪಾಲಿನ ತಪ್ಪನ್ನು ನಾನು ಒಪ್ಪಿಕೊಂಡಾಯ್ತು. ಬೇಡ ಅನ್ನುದಾದ್ರೆ ಅವಳ ಮುಖ ನೋಡಿ ಹೇಳಿ. ಜೀಪಲ್ಲಿ ಕೂತಿದ್ದಾಳೆ."

ಕವನಾಳಿಗೆ ಕೇಳಿಸಿರಬೇಕು. ಇಳಿದು ಬಂದು ಜಗಲಿಯ ಮೆಟ್ಟಿಲ ಹತ್ತಿರ ನಿಂತಳು. ಪೂವಮ್ಮ ಈಗ ತಲೆ ಎತ್ತಿ ಹುಡುಗಿಯ ಕಡೆ ಕೈ ತೋರಿಸಿದರು.

"ಈ ಗೂಡೆ ನಮ್ಮ ಬೇಲಿಯನ್ನು ಹನ್ನೆರಡು ಅಡಿ ಹಿಂದಕ್ಕೆ ಹಾಕಿಸಿತು, ಭಟ್ರೆ. ಎರಡು ಸಾಲು ಮೆಣಸಿನ ಬಳ್ಳಿ ಪಕ್ಕದವರ ಪಾಲಾಯ್ತು. ಅಳತೆ ಮಾಡ್ಲಿಕ್ಕೆ ಬಂದ ದಿನ ಟೇಪಿನ ಇನ್ನೊಂದು ತುದಿ ಹಿಡ್ಕೊಂಡು ನಿಂತಿದ್ದವ ಯಾರು ಗೊತ್ತುಟ್ಟಾ? ನನ್ನ ಹೈದ. ಅಲ್ಲಿಂದಲೇ ಇವರಿಬ್ಬರ ಕಥೆ ಶುರು."

ಅಂಗಳದಲ್ಲಿ ತೀರ್ಥಪ್ರಸಾದ್ ಮೆಣಸನ್ನೇ ನೋಡುತ್ತಾ ನಿಂತಿದ್ದ. ಗಡಿ ಕಾಯುವ ಸಿಪಾಯಿಯ ಕಿವಿ ಕೆಂಪಾಗಿತ್ತು.

"ಅಳತೆ ತಪ್ಪಿದ್ರೆ ಹೇಳಿ ಅತ್ತೆ" ಎಂದಳು ಕವನಾ. "ಬೇರೆ ಸರ್ವೆಯರನ್ನು ಕರೆಸಿ ಮತ್ತೆ ಅಳೆಯುವ. ನಾನು ಬರುದಿಲ್ಲ."

"ತಪ್ಪಿಲ್ಲೆ" ಎಂದರು ಪೂವಮ್ಮ. "ನಾನೂ ಆಮೇಲೆ ಅಳೆಸಿ ನೋಡಿದ್ದೇನೆ. ಸರಿಯಾಗೇ ಉಟ್ಟು. ಅದೇ ಸಿಟ್ಟು ನಂಗೆ."

ಪೂವಮ್ಮ ಎಲೆಯನ್ನು ಮಡಚಿದರು, ಬಾಯಿಗೆ ಹಾಕಿಕೊಳ್ಳದೆ ತಟ್ಟೆಯಲ್ಲೇ ಇಟ್ಟರು. ಇವರ ಕಡೆ ಒಮ್ಮೆ ನೋಡಿದರು. ಬಿಸಿಲಿಗೆ ಬೆವರಿ, ಅಂಗಿ ಅಂಟಿಕೊಂಡು, ಇನ್ನೂ ನಿಂತೇ ಇದ್ದ ಮುದುಕ.

"ನೀವು ತಪ್ಪಾಯ್ತು ಅಂತ ಹೇಳ್ಲಿಕ್ಕೆ ಇಷ್ಟು ದೂರ ಬಂದಿರಿ. ಪಕ್ಕದ ಮನೆ ಐವತ್ತು ಹೆಜ್ಜೆ, ನಾನು ಇನ್ನೂ ಹೋಗ್ಲಿಲ್ಲೆ. ಕೂತ್ಕೊಳ್ಳಿ ಭಟ್ರೆ."

ಆಮೇಲೆ ಅಂಗಳದ ಕಡೆ ತಿರುಗಿ ಮಗನನ್ನು ಕೇಳಿದರು: "ನಿಂಗೆ ರಜೆ ಎಷ್ಟು ದಿನ ಉಟ್ಟು?"

"ಹದಿನೆಂಟು ದಿನ, ಅವ್ವ."

ಪೂವಮ್ಮ ಬೆರಳು ಮಡಚಿ ಏನೋ ಎಣಿಸಿದರು. ಕವನಾಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು, ಸಂತೆಯಲ್ಲಿ ಹಸು ನೋಡುವ ಹಾಗೆ, ಆದರೆ ಕಣ್ಣಲ್ಲಿ ಸಿಟ್ಟು ಇರಲಿಲ್ಲ.

"ಅಷ್ಟು ದಿನದಲ್ಲಿ ರವಿಕೆ ಹೊಲಿದು ಕೊಡುವ ಟೈಲರ್ ಯಾರಾದ್ರೂ ಗೊತ್ತುಟ್ಟಾ ನಿಂಗೆ?" ಎಂದು ಕೇಳಿದರು.

ಹಾಳೆ ಹಿಡಿದು ನಮ್ಮ ಮನೆಗೆ ಬಂದಾಗಲೂ, ಜೀಪಿನಲ್ಲಿ ಕೂತಾಗಲೂ, ಬೇಲಿಯ ಮಾತು ಕೇಳಿದಾಗಲೂ ಒಂದು ಹನಿ ಕಣ್ಣೀರು ಹಾಕದಿದ್ದ ಹುಡುಗಿ ಆಗ ಮೆಟ್ಟಿಲ ಮೇಲೆ ಕೂತು, ಮುಖ ಮುಚ್ಚಿಕೊಂಡು ಗಟ್ಟಿಯಾಗಿ ಅತ್ತಳು.