ಕುಂಕುಮವಲ್ಲದ ಕೆಂಪು

ಕಳೆದ ವಾರ ಇಂದಿರಾನಗರದಿಂದ ಮೆಟ್ರೋದಲ್ಲಿ ಬರುತ್ತಿದ್ದಾಗ ಪಕ್ಕದಲ್ಲಿ ಕೂತಿದ್ದ ಹುಡುಗಿಯೊಬ್ಬಳು ಪುಟ್ಟ ಬಾಟಲಿಯ ಮುಚ್ಚಳ ತಿರುಗಿಸಿ, ಹತ್ತಿ ಅದ್ದಿ, ಉಗುರಿನ ಬಣ್ಣ ಒರೆಸಿಕೊಳ್ಳತೊಡಗಿದಳು. ತಣ್ಣನೆಯ, ತುಸು ಸಿಹಿಯಾದ, ಮೂಗಿನ ತುದಿಯಲ್ಲೇ ಆರಿಹೋಗುವ ಆ ವಾಸನೆಗೆ ಎದುರಿನವರು ಮುಖ ಸಿಂಡರಿಸಿದರು. ನನಗೆ ಮಾತ್ರ ಎದೆ ಹಗುರವಾಯಿತು. ಇದನ್ನು ಯಾರಿಗಾದರೂ ಹೇಳಿದರೆ ನಗುತ್ತಾರೆಂದು ಈವರೆಗೆ ಹೇಳಿರಲಿಲ್ಲ. ಬಂದೂಕಿನ ಮದ್ದು ಕೆಡದೆ ಚೆನ್ನಾಗಿದ್ದರೆ ಅದಕ್ಕೆ ಹೆಚ್ಚುಕಡಿಮೆ ಅದೇ ವಾಸನೆ. ಹಲಸೂರಿನ ನಮ್ಮ ಮನೆಯ ಹಿಂದಿನ ಕೋಣೆಯಿಂದ ಅದು ಬಂತೆಂದರೆ ಆ ದಿನ ಎಲ್ಲವೂ ಸರಿಯಾಗಿದೆ ಎಂದು ಅರ್ಥ.

ಕೆರೆಯಿಂದ ಎರಡು ಬೀದಿ ಒಳಗಿತ್ತು ಆ ಮನೆ. ಮುಂದೆ ಕಲ್ಲಿನ ಜಗಲಿ, ಹಿಂದೆ ಒಂದು ಸೀಬೆ ಮರದ ಹಿತ್ತಲು, ನಡುವೆ ಸದಾ ಅರೆಗತ್ತಲೆಯ ಕೋಣೆಗಳು. ನನ್ನ ತಾತ ಶಿವಾಜಿನಗರದ ಒಂದು ಬಂದೂಕಿನ ಅಂಗಡಿಯಲ್ಲಿ ರಿಪೇರಿ ಕೆಲಸ ಮಾಡಿ ನಿವೃತ್ತರಾದವರು. ಅವರ ಅಪ್ಪನಿಗೆ ದೊಡ್ಡನೆಕ್ಕುಂದಿಯ ಕಡೆ ಹೊಲವಿದ್ದು, ಹಂದಿಗಳನ್ನು ಬೆದರಿಸಲು ಒಂದು ಕೋವಿಯೂ ಇತ್ತಂತೆ. ಹೊಲದ ಮೇಲೆ ಈಗ ಗಾಜಿನ ಕಟ್ಟಡಗಳಿವೆ. ಕೋವಿಯ ಪರವಾನಗಿ ಮಾತ್ರ ತಲೆಮಾರಿನಿಂದ ತಲೆಮಾರಿಗೆ ಬಂದು, ಕೊನೆಗೆ ನನ್ನ ಚಿಕ್ಕಪ್ಪ ಸೀನನಲ್ಲಿ ಶೋಕಿಯಾಗಿ ಉಳಿಯಿತು. ಚಿಕ್ಕಪ್ಪ ಊರಾಚೆಯ ರೇಂಜಿನಲ್ಲಿ, ಗಾಳಿಗೆ ಹಾರಿಸಿದ ಮಣ್ಣಿನ ಬಿಲ್ಲೆಗಳಿಗೆ ಗುರಿಯಿಟ್ಟು ಹೊಡೆಯುವ ಸ್ಪರ್ಧೆಗಳಿಗೆ ಹೋಗುತ್ತಿದ್ದ. ಅವನ ತೋಟಾಗಳನ್ನು ತಾತ ಮನೆಯಲ್ಲೇ, ಖಾಲಿ ಕೊಳವೆಗೆ ಮದ್ದು, ಮೇಲೊಂದು ಬಿರಡೆ, ಅದರ ಮೇಲೆ ಸೀಸದ ಸಣ್ಣ ಗುಂಡುಗಳನ್ನು ಹಾಕಿ ತುಂಬಿಕೊಡುತ್ತಿದ್ದರು. ಅಂಗಡಿಯ ತೋಟಾ ಹೊಡೆದರೆ ತಾತನಿಗೆ, ಹೋಟೆಲಿನಲ್ಲಿ ಊಟ ಮಾಡಿ ಬಂದ ಮಗನನ್ನು ಕಂಡ ತಾಯಿಗಾಗುವಂಥ ಬೇಸರ.

ತೋಟಾ ತುಂಬುವ ದಿನ ಮನೆಯಲ್ಲಿ ಯಾರೂ ಗಟ್ಟಿಯಾಗಿ ಮಾತಾಡುತ್ತಿರಲಿಲ್ಲ. ತಾತ ಮೇಜಿನ ಮೇಲೆ ಬಿಳಿ ಪಂಚೆ ಹಾಸಿ, ಒಂದೇ ಒಂದು ಡಬ್ಬಿ ತೆರೆಯುತ್ತಿದ್ದರು. ಎರಡು ಡಬ್ಬಿ ಒಟ್ಟಿಗೆ ಮೇಜಿನ ಮೇಲಿರಬಾರದು, ಒಂದರಲ್ಲಿ ಉಳಿದದ್ದನ್ನು ಇನ್ನೊಂದಕ್ಕೆ ಸುರಿಯಬಾರದು, ಬೇರೆ ಪಾತ್ರೆಗೆ ಹಾಕಿಡಬಾರದು, ಕೆಲಸ ಮುಗಿದ ಕೂಡಲೇ ಬಿಗಿಯಾಗಿ ಮುಚ್ಚಬೇಕು. ಮದ್ದು ನುಣುಪಾಗಿ, ಕರಿ ಎಳ್ಳಿನ ಹಾಗೆ ಹೊಳೆಯುತ್ತಿತ್ತು. ಆದರೆ ಕೆಲಸ ಶುರುವಾಗುವ ಮುನ್ನ ಅಡುಗೆಮನೆಯಿಂದ ಅಜ್ಜಿ ಕೈ ಒರೆಸಿಕೊಂಡು ಬರಬೇಕಿತ್ತು. ನಶ್ಯ ಏರಿಸಿ ಏರಿಸಿ ತಾತನ ಮೂಗು ಎಂದೋ ಸತ್ತುಹೋಗಿತ್ತು. ಅಜ್ಜಿ ಡಬ್ಬಿಯನ್ನು ಮುಖದಿಂದ ತುಸು ದೂರ ಹಿಡಿದು, ಕೈಯಿಂದ ಗಾಳಿಯನ್ನು ತನ್ನತ್ತ ಎಳೆದುಕೊಂಡು, ಹುಳಿ ಹದ ನೋಡುವವರಂತೆ ಕಣ್ಣು ಮುಚ್ಚುತ್ತಿದ್ದರು. "ಸರಿಯಾಗಿದೆ" ಅಂದರೆ ತಾತ ಕೂರುತ್ತಿದ್ದರು. ಕೆಟ್ಟ ಮದ್ದು ಹುಳಿಹುಳಿಯಾಗಿ ಮೂಗು ಚುಚ್ಚುತ್ತದೆ, ಕೆಂಚು ಧೂಳು ಬಿಡುತ್ತದೆ, ತನ್ನಷ್ಟಕ್ಕೇ ಒಳಗೊಳಗೇ ಬಿಸಿಯಾಗುತ್ತದೆ ಎಂದು ತಾತ ನನಗೆ ಹೇಳಿದ್ದರು. ಅಂಥದ್ದನ್ನು ಅವರು ಅಂಗಡಿಯಲ್ಲಿ ನೋಡಿದ್ದರು. ಮನೆಯಲ್ಲಿ ನೋಡುತ್ತೇನೆಂದು ಎಣಿಸಿರಲಿಲ್ಲ.

ನಾನು ನಾಲ್ಕನೇ ತರಗತಿಯಲ್ಲಿದ್ದ ವರ್ಷ ಮಳೆ ಬಿಡದೆ ಸುರಿಯಿತು. ಹಿಂದಿನ ಕೋಣೆಯ ಗೋಡೆ ಬೆವರಿ, ಕ್ಯಾಲೆಂಡರಿನ ಮೂಲೆಗಳು ಸುರುಳಿ ಸುತ್ತಿಕೊಂಡವು. ತಾತ ಮದ್ದಿನ ಡಬ್ಬಿಯನ್ನು ಎತ್ತಿಕೊಂಡು ಹೋಗಿ ಬಚ್ಚಲುಮನೆಯ ಅಟ್ಟದ ಮೇಲೆ, ಸರಿಯಾಗಿ ಹಂಡೆ ಒಲೆಯ ನೆತ್ತಿಗೆ ಇಟ್ಟರು. ಅವರ ಅಪ್ಪ ಹಾಗೇ ಮಾಡುತ್ತಿದ್ದರಂತೆ. ಅವರ ಅಪ್ಪನ ಕಾಲದ ಕರಿಮದ್ದಿಗೆ ತೇವವೇ ಶತ್ರು. ಈ ಹೊಸ ಮದ್ದಿಗೆ ತೇವಕ್ಕಿಂತ ದೊಡ್ಡ ಶತ್ರು ಶಾಖ ಎಂಬುದು ತಾತನಿಗೆ ಗೊತ್ತಿರದ ವಿಷಯವೇನಲ್ಲ. ಅಂಗಡಿಗೆ ಬಂದವರಿಗೆ ಅವರೇ ಅದನ್ನು ಸಾರಿ ಸಾರಿ ಹೇಳುತ್ತಿದ್ದರು. ಆದರೂ ಮಳೆ ಕಂಡಾಗ ಅವರ ಕೈ ಅಪ್ಪನ ಮಾತನ್ನೇ ಕೇಳಿತು. ಆ ಮಳೆಗಾಲವಿಡೀ ದಿನಾ ಬೆಳಿಗ್ಗೆ ನಮ್ಮೆಲ್ಲರ ಸ್ನಾನದ ನೀರಿನ ಜೊತೆಗೆ ಮದ್ದೂ ಕಾಯುತ್ತಿತ್ತು.

ಆಯುಧಪೂಜೆಗೆ ಡಬ್ಬಿ ಕೆಳಗಿಳಿಯಿತು. ಕೋವಿ, ಸ್ಪ್ಯಾನರುಗಳು, ಚಿಕ್ಕಪ್ಪನ ಸ್ಕೂಟರು, ಅಜ್ಜಿಯ ಈಳಿಗೆಮಣೆ, ಎಲ್ಲವೂ ಸಾಲಾಗಿ ಅಲಂಕಾರ ಮಾಡಿಸಿಕೊಂಡವು. ಆ ಸಲ ಅಜ್ಜಿಗೆ ಜೋರು ನೆಗಡಿ. ಮೂಗು ಕಟ್ಟಿ ಮಂತ್ರವೇ ಬೇರೆಯಾಗಿ ಕೇಳಿಸುತ್ತಿತ್ತು. ವಿಜಯದಶಮಿ ಕಳೆದ ಮಾರನೆಯ ದಿನ ತಾತ ತೋಟಾ ತುಂಬಲು ಕೂತಾಗ, ಮಲಗಿದ್ದ ಅಜ್ಜಿಯನ್ನು ಎಬ್ಬಿಸಲಿಲ್ಲ. ಮುಚ್ಚಳ ತೆಗೆದರೆ ಅಂಚಿನಲ್ಲಿ, ಕಾಳುಗಳ ಮೇಲೆ, ತೆಳ್ಳಗೆ ಕೆಂಪು ಪುಡಿ. ಪೂಜೆಯ ಕುಂಕುಮ ಉದುರಿದೆ ಎಂದುಕೊಂಡು ತಾತ ಅದನ್ನು ಬೆರಳಿನಿಂದ ಮೆಲ್ಲಗೆ ಸರಿಸಿದರು. ನಾನು ಬಾಗಿಲ ಬಳಿ ನಿಂತು ನೋಡುತ್ತಿದ್ದೆ. ಅವರು ಆ ಬೆರಳನ್ನು ಕಣ್ಣಿಗೂ ಒತ್ತಿಕೊಂಡರು.

ಮರುದಿನ ಬೆಳಿಗ್ಗೆ ಚಿಕ್ಕಪ್ಪ ತೋಟಾದ ಚೀಲ ಹೆಗಲಿಗೇರಿಸಿ ರೇಂಜಿಗೆ ಹೊರಟುಹೋದ. ಅಜ್ಜಿ ಮೆಣಸಿನ ಕಷಾಯ ಕುಡಿದು ಎದ್ದು ಕೂತಿದ್ದರು. ಕಾಫಿ ಲೋಟ ಹಿಡಿದ ತಾತ ಅವರನ್ನು ರೇಗಿಸಲು ಶುರುಮಾಡಿದರು.

"ನಿನ್ ಭಕ್ತಿ ಜಾಸ್ತಿ ಆಯ್ತು ಕಣೇ. ಮದ್ದಿನ ಡಬ್ಬಿ ಒಳಗೂ ಕುಂಕುಮ ಸುರಿದಿದೀಯ."

"ನಾನಾ? ಡಬ್ಬಿಗೆ ಎಲ್ರೀ ಕುಂಕುಮ ಇಟ್ಟೆ? ಇದ್ದಿದ್ದೆಲ್ಲ ಬೂದುಗುಂಬಳಕ್ಕೆ ತುಂಬಿ ಖಾಲಿ ಆಗಿತ್ತು. ಡಬ್ಬಿಗೆ ಬರೀ ಗಂಧ ಹಚ್ಚಿದ್ದು."

ತಾತ ಲೋಟ ಕೆಳಗಿಟ್ಟರು. ಕೋಣೆಗೆ ಹೋಗಿ ಡಬ್ಬಿಯ ಮುಚ್ಚಳ ತೆಗೆದು ಬೆಳಕಿಗೆ ತಿರುಗಿಸಿದರು. ಮುಚ್ಚಳದ ಒಳಮೈಯಲ್ಲಿ ತುಕ್ಕು ಹಿಡಿದಿತ್ತು. ನಿನ್ನೆ ಸರಿಸಿದ ಜಾಗದಲ್ಲಿ ಮತ್ತೆ ಕೆಂಚು ಧೂಳು. ನಾನು ಅವರ ಹಿಂದೆಯೇ ಇದ್ದೆ. ಮೊಸರು ಹಳಸಿದ್ದಕ್ಕಿಂತ ಚುರುಕಾದ, ಗಂಟಲಿಗೆ ಇಳಿಯುವ ಒಂದು ಹುಳಿ ನನಗೇ ಬಡಿಯಿತು. ಚಿಕ್ಕಪ್ಪನಿಗೆ ಫೋನ್ ಮಾಡಿದರೆ ಅದು ನಡುಮನೆಯಲ್ಲಿ, ಚಾರ್ಜಿಗೆ ಹಾಕಿದ ಜಾಗದಲ್ಲೇ ರಿಂಗಾಯಿತು.

"ಕೆಟ್ಟ ಮದ್ದು ಅರ್ಧಕ್ಕೆ ಉರಿದು ನಳಿಗೇಲಿ ಬಿರಡೆ ಸಿಕ್ಕಾಕ್ಕೊಂಡ್ರೆ, ಅದರ ಹಿಂದೆ ಇನ್ನೊಂದು ಹೊಡೆದ್ರೆ ನಳಿಗೇನೇ ಸಿಡಿದು ಕೈ..." ಎಂದು ತಾತ ನಿಲ್ಲಿಸಿದರು. ಅಜ್ಜಿ ಅವರ ಕೈಗೆ ಚಪ್ಪಲಿ ಕೊಟ್ಟು, "ನೀವು ಆಟೋ ಹಿಡೀರಿ. ಡಬ್ಬಿ ನಾನ್ ನೋಡ್ಕೋತೀನಿ. ನೀರಲ್ಲಿ ತಾನೇ?" ಅಂದರು. ತಾತ ತಲೆಯಾಡಿಸಿ, ಅಂಗಿಯ ಗುಂಡಿ ತಪ್ಪಾಗಿ ಹಾಕಿಕೊಂಡೇ ಓಡಿದರು.

ಅಜ್ಜಿ ನನ್ನನ್ನು ಜಗಲಿಯಾಚೆ, ಬೀದಿಗೆ ಕಳಿಸಿದರು. ಆದರೂ ಮನೆಯ ಪಕ್ಕದ ಸಂದಿಯಿಂದ ಹಿತ್ತಲು ಕಾಣುತ್ತಿತ್ತು. ಅವರು ಡಬ್ಬಿಯನ್ನು ಮಗುವಿನಂತೆ ಎರಡೂ ಕೈಯಲ್ಲಿ ಹಿಡಿದು, ಒಲೆಯಿಂದ ದೂರ, ಸೀಬೆ ಮರದ ನೆರಳಿಗೆ ತಂದು, ತುಂಬಿದ ಬಕೆಟ್ಟಿನೊಳಗೆ ನಿಧಾನವಾಗಿ ಇಳಿಸಿದರು. ಗುಳ್ಳೆಗಳು ನಿಲ್ಲುವವರೆಗೂ ಅಲ್ಲೇ ನಿಂತಿದ್ದರು. ಆಮೇಲೆ ಬಂದು, ನನ್ನನ್ನು ಜಗಲಿಗೆ ಕರೆದು ಪಕ್ಕ ಕೂತರು. ಇಷ್ಟು ದೇವರುಗಳಿದ್ದ ಮನೆಯಲ್ಲಿ ಅವರು ಅಂದು ಯಾವ ದೇವರ ಹೆಸರನ್ನೂ ಹೇಳಲಿಲ್ಲ. ಬೀದಿಯಲ್ಲಿ ಬಂದ ಪ್ರತಿ ಸ್ಕೂಟರಿನ ಸದ್ದಿಗೂ ನನ್ನ ಮಣಿಕಟ್ಟನ್ನು ಒತ್ತುತ್ತಿದ್ದರು. ಹೂವಿನವನು ತಮಿಳಿನಲ್ಲಿ ಕೂಗುತ್ತ ಹೋದ. ಬಿಸಿಲು ಜಗಲಿ ಏರಿತು. ಕಾಯುವುದೆಂದರೇನೆಂದು ನಾನು ಕಲಿತದ್ದು ಅಲ್ಲಿ.

ಮಧ್ಯಾಹ್ನ ಸ್ಕೂಟರು ಬಂತು. ಮುಂದೆ ಚಿಕ್ಕಪ್ಪ, ಹಿಂದೆ ತಾತ, ತಾತನ ಮಡಿಲಲ್ಲಿ ಕಡಲೆಕಾಯಿಯ ಪೊಟ್ಟಣ. ಅಜ್ಜಿ ಎದ್ದು ಹೋಗಿ ಚಿಕ್ಕಪ್ಪನ ಎರಡೂ ಕೈಗಳನ್ನು ಹಿಡಿದು ತಿರುಗಿಸಿ ನೋಡಿ, ಮುಖ ನೋಡಿ, ಆಮೇಲೆ ಬೆನ್ನಿಗೊಂದು ಗುದ್ದಿದರು. "ಫೋನ್ ಯಾವನ್ಗೋ ಬಿಟ್ಟೋಗಿದ್ದೆ?"

ನಡೆದದ್ದನ್ನು ಚಿಕ್ಕಪ್ಪ ಊಟಕ್ಕೆ ಕೂತು ಹೇಳಿದ. ಮೊದಲ ತೋಟಾ ಹೊಡೆದಾಗ ಢಂ ಅನ್ನುವ ಬದಲು ಪುಸ್ ಅಂದಿತಂತೆ. ಬಿಲ್ಲೆ ನಗುತ್ತಾ ಹಾರಿಹೋಯಿತಂತೆ. ಹಿಂದೆ ನಿಂತಿದ್ದ ಗೆಳೆಯ, "ಏನ್ ಗುರು, ಹೋದ ದೀಪಾವಳೀಲಿ ಉಳಿದ ಠುಸ್ ಪಟಾಕಿನಾ?" ಅಂದನಂತೆ. ಮರ್ಯಾದೆ ಉಳಿಸಿಕೊಳ್ಳಲು ಚಿಕ್ಕಪ್ಪ ಕೂಡಲೇ ಇನ್ನೊಂದನ್ನು ಕೈಗೆ ತೆಗೆದುಕೊಂಡಿದ್ದ. "ಆದ್ರೆ ಅಪ್ಪ ಚಿಕ್ಕಂದಿನಿಂದ ತಲೆ ತಿಂದಿದ್ರಲ್ಲಮ್ಮ, ಸದ್ದು ಸರಿ ಇಲ್ಲ ಅಂದ್ರೆ ಮುಂದಿನದು ಬೇಡ ಅಂತ. ಅದನ್ನ ಕೋವಿಗೆ ಹಾಕೋಕೆ ಕೈಯೇ ಹೋಗ್ಲಿಲ್ಲ." ಕೋವಿ ಬಿಚ್ಚಿ ಬೆಳಕಿಗೆ ಹಿಡಿದರೆ ಆ ಕಡೆಯ ಬೆಳಕು ಕಾಣಲಿಲ್ಲ. ನಳಿಗೆಯ ನಡುವೆ ಬಿರಡೆ ಕಚ್ಚಿಕೊಂಡಿತ್ತು. ತಾತ ಏದುಸಿರು ಬಿಡುತ್ತ ರೇಂಜಿಗೆ ಬಂದಾಗ ಮಗ ಬೆಂಚಿನ ಮೇಲೆ ಮುಖ ಊದಿಸಿಕೊಂಡು ಕಡಲೆಕಾಯಿ ಸುಲಿಯುತ್ತಿದ್ದ. ತಾತ ಪಕ್ಕದಲ್ಲಿ ಕೂತು, ಅವನ ಪೊಟ್ಟಣಕ್ಕೆ ಕೈ ಹಾಕಿದರಂತೆ. ಈ ಭಾಗ ಹೇಳುವಾಗ ಚಿಕ್ಕಪ್ಪ ಜೋರಾಗಿ ನಕ್ಕ. ತಾತ ಅನ್ನದಲ್ಲಿ ಗುಳಿ ಮಾಡಿ, ಅದಕ್ಕೆ ಸಾರು ಸುರಿದುಕೊಂಡು, ಬಹಳ ಹೊತ್ತು ತಲೆ ಎತ್ತಲಿಲ್ಲ. ಉಳಿದ ತೋಟಾಗಳನ್ನು ಅವರು ಅಂದೇ ಬಿಚ್ಚಿ, ಮದ್ದನ್ನೆಲ್ಲ ಅದೇ ಬಕೆಟ್ಟಿಗೆ ಹಾಕಿದರು.

ಹೊಸ ಡಬ್ಬಿ ಮುಂದೆ ಯಾವ ಮಳೆಗೂ ಅಟ್ಟ ಏರಲಿಲ್ಲ. ನಡುಮನೆಯ ಬೀರುವಿನ ತಳದಲ್ಲಿ, ತಣ್ಣನೆಯ ಕಲ್ಲುನೆಲದ ಹತ್ತಿರ ಇರುತ್ತಿತ್ತು. ಅಜ್ಜಿಗೆ ಸೀನು ಬಂದರೆ ಸಾಕು, "ಇವತ್ತು ಅಂಗಡಿ ಬಂದ್" ಎಂದು ತಾತ ಪಂಚೆ ಮಡಚಿಡುತ್ತಿದ್ದರು. ಎಷ್ಟೋ ವರ್ಷ ಹಾಗೆ ನಡೆಯಿತು. ಆಮೇಲೆ ಚಿಕ್ಕಪ್ಪನ ಶೋಕಿ ತಾನಾಗಿ ತಣಿಯಿತು. ಪರವಾನಗಿ ಇದ್ದ ಅಂಗಡಿಯೊಂದಕ್ಕೆ ಕೋವಿ ಹೋಯಿತು. ತಾತ ಒಂದು ಬೆಳಿಗ್ಗೆ ನಿದ್ದೆಯಲ್ಲೇ ಹೋದರು. ಅಜ್ಜಿ ಎರಡು ಮಳೆಗಾಲ ಕಳೆದ ಮೇಲೆ. ಮನೆ ಇದ್ದಲ್ಲಿ ಈಗ ನಾಲ್ಕು ಮಹಡಿಯ ಕಟ್ಟಡವಿದೆ. ಕಳೆದುಹೋದ ಮನೆ ನಿಮಗೂ ಒಂದಿದ್ದರೆ ನಿಮಗೆ ಗೊತ್ತಿರುತ್ತದೆ, ಅದು ಹೇಗೆ ಹೋಯಿತು ಎಂಬುದೂ ದುಃಖದ ಒಂದು ಪಾಲು. ನಮ್ಮದು ವಯಸ್ಸಾಗಿ ಹೋಯಿತು, ಒಂದು ಕ್ಷಣದಲ್ಲಿ ಹೋಗಲಿಲ್ಲ. ಅಷ್ಟಕ್ಕೇ ನಾನು ಋಣಿ.

ಚಿಕ್ಕಪ್ಪ ಈಗ ಕೆ.ಆರ್. ಪುರದಲ್ಲಿದ್ದಾನೆ. ಹೋದ ತಿಂಗಳು ಅವರ ಮನೆಯಲ್ಲಿ ರಾತ್ರಿ ಉಳಿದಿದ್ದೆ. ಬೆಳಿಗ್ಗೆ ಶಾಲೆಯ ಗಡಿಬಿಡಿಯಲ್ಲಿ ಅವನ ಮಗಳು ಬೆನ್ನು ತಿರುಗಿಸಿ ಕೂತಿದ್ದಳು. ಅವನು ಬಾಯಲ್ಲಿ ರಿಬ್ಬನ್ ಕಚ್ಚಿಕೊಂಡು, ಎರಡೂ ಕೈಯಿಂದ ಅವಳ ಜಡೆ ಹೆಣೆಯುತ್ತಿದ್ದ. ಒಂದು ಎಳೆಯ ಮೇಲೆ ಇನ್ನೊಂದು ಎಳೆ, ಸಾವಕಾಶವಾಗಿ. "ಅಪ್ಪಾ, ಬೇಗ" ಅಂದಳು ಅವಳು. ಕಾಫಿ ಆರುತ್ತಿದ್ದರೂ ನಾನು ಆ ಹತ್ತೂ ಬೆರಳುಗಳನ್ನೇ ನೋಡುತ್ತ ಕೂತಿದ್ದೆ.